ಮಿಲ್ಲಿನ ಚಿತ್ರದ ಎಡಮೂಲೆ

ಮೊದಲು ಹೊಗೆಯ ಬಣ್ಣ. ನಾನು ಬರೆದ ಚಿತ್ರದಲ್ಲಿ ಮಿಲ್ಲಿನ ಹೊಗೆ ಹಸಿರಾಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ನೇರಳೆ ಎಂದು ನನ್ನ ಸೋದರಮಾವ ಕೊನೆಯವರೆಗೂ ವಾದಿಸಿದರು. ಬರೆದವನು ನಾನು, ನಿಜ. ಆದರೆ ಅದರ ಕೆಳಗೆ ದಿನವಿಡೀ ಗಲ್ಲಾದಲ್ಲಿ ಕೂತವರು ಅವರು. ಆದ್ದರಿಂದ ಇಲ್ಲಿ ಹೊಗೆಗೆ ಬಣ್ಣ ಹಚ್ಚುವುದಿಲ್ಲ. ಉಳಿದದ್ದನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ನೆನಪು ಏನನ್ನಾದರೂ ಒಪ್ಪವಾಗಿ ಮಡಚಿ ಕೈಗೆ ಕೊಟ್ಟರೆ ನನಗೆ ಮೊದಲು ಬರುವುದು ಅನುಮಾನ.

ಐವತ್ತರ ದಶಕದ ನಡುವಿನ ವರ್ಷಗಳು. ಮಾವನ ಹೋಟೆಲು ಪರೇಲಿನಲ್ಲಿ, ಒಂದು ಬಟ್ಟೆ ಮಿಲ್ಲಿನ ಗೇಟಿಗೆ ಎದುರಾಗಿತ್ತು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ನನ್ನ ಹಾಸಿಗೆ. ಹಗಲು ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಕೆಲಸ. ಬಟ್ಟೆಯ ಥಾನುಗಳ ಮೇಲೆ ಅಂಟಿಸುವ ಬಣ್ಣದ ಚೀಟಿಗಳಿಗೆ ಲಕ್ಷ್ಮಿ, ಆನೆ, ನವಿಲುಗಳನ್ನು ಬರೆಯುವುದು. ಲಕ್ಷ್ಮಿಯ ಕೈಯಲ್ಲಿ ಕಮಲ ಎಷ್ಟು ಅರಳಿರಬೇಕು ಎನ್ನುವುದನ್ನು ಕೂಡ ಮಿಲ್ಲಿನವರೇ ಹೇಳುತ್ತಿದ್ದರು. ನನ್ನದು ಅಂತ ಇದ್ದದ್ದು ಸಂಜೆ ಮಾತ್ರ.

ಫೋರ್ಟಿನಲ್ಲಿ ವರ್ಷಕ್ಕೊಮ್ಮೆ ಒಂದು ಚಿತ್ರಪ್ರದರ್ಶನ ನಡೆಯುತ್ತಿತ್ತು. ಅದಕ್ಕೆ ಎರಡು ಸಲ ಚಿತ್ರ ಹೊತ್ತುಕೊಂಡು ಹೋಗಿ, ಎರಡು ಸಲವೂ ಹೊತ್ತುಕೊಂಡೇ ಬಂದಿದ್ದೆ. ಮೂರನೆಯ ಸಲ ಹೊರಟಾಗ ಮಾವ ಗಲ್ಲಾದಿಂದ ಏಳದೆಯೇ ಇತ್ಯರ್ಥ ಮಾಡಿದರು. ಸಾಂತಾಕ್ರೂಜ್‌ನಲ್ಲಿ ಅವರ ಇನ್ನೊಂದು ಹೋಟೆಲು ತಯಾರಾಗುತ್ತಿತ್ತು.

"ಈ ಸಲ ಅವರು ತಗೊಂಡ್ರೆ ನೀನು ಚಿತ್ರ ಬರೆಯುವವ, ನಾನು ಒಪ್ತೇನೆ. ತಗೊಳ್ಳದಿದ್ರೆ ಸಾಂತಾಕ್ರೂಜ್ ಗಲ್ಲಾ ನಿಂದು. ಆಮೇಲೆ ಬ್ರಷ್ಷು ಗಿಷ್ಷು ಅಂತ ಹೇಳ್ಲಿಕ್ಕಿಲ್ಲ."

"ಆಯ್ತು ಮಾವ" ಎಂದೆ. ಈ ಸಲ ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಹಿಂದಿನ ಎರಡು ಸಲವೂ ಗೊತ್ತಿತ್ತು.

ಚಿತ್ರ ಎಲ್ಲಿಂದ ಬಂತು ಎಂದರೆ, ಫೋರ್ಟಿನ ಫುಟ್‌ಪಾತಿನಲ್ಲಿ ಸಿಕ್ಕ ಒಂದು ಬಿಡಿಪುಟದಿಂದ. ಯಾವುದೋ ಪುಸ್ತಕದಿಂದ ಹರಿದು ಬಂದಿದ್ದ ಬಣ್ಣದ ಪುಟ. ಬರೆದವನ ಹೆಸರಿದ್ದ ಅಂಚು ಹರಿದುಹೋಗಿತ್ತು. ಮೇಲೆ ದಿಗಂತದ ಉದ್ದಕ್ಕೆ ಕಾರ್ಖಾನೆಗಳು, ಚಿಮಣಿಗಳು, ಒಂದೇ ಕಡೆ ಓಡುತ್ತಿರುವ ಹೊಗೆ. ಕೆಳಗೆ ಮುಕ್ಕಾಲು ಪಾಲು ಹಳದಿ ಹೊಲ. ಹತ್ತಿರ ಹಿಡಿದರೆ ಹೊಲವೇ ಇಲ್ಲ, ಬರೀ ಗಿಡ್ಡ ಗಿಡ್ಡ ಗೆರೆಗಳು. ಬರೆದವನಿಗೆ ರೈಲು ತಪ್ಪಿಹೋಗುವುದರಲ್ಲಿತ್ತು ಎಂಬಂತೆ ಚುಚ್ಚಿ ಚುಚ್ಚಿ ಹೋಗಿದ್ದ. ಬೆಳಕನ್ನು ಕಂಡ ಹಾಗೆ ಬರೆದವರ ಹಿಂದೆಯೇ ಬಂದು, ಕಂಡದ್ದಷ್ಟೇ ಸಾಲದು ಎಂದು ಜಗಳ ತೆಗೆದ ಯುರೋಪಿನ ಪೀಳಿಗೆಯದು ಅದು ಎಂದು ಮಾತ್ರ ನನಗೆ ತಿಳಿಯಿತು. ನಿದ್ದೆ ಕೆಡಿಸಲು ಅಷ್ಟು ಸಾಕಾಗಿತ್ತು.

ಹೋಟೆಲಿನ ಗಚ್ಚಿಯ ಮೇಲಿನಿಂದ ಎದುರಿನ ಮಿಲ್ಲನ್ನು ಆ ರೀತಿಯಲ್ಲೇ ಬರೆದೆ. ಚಹಾಪುಡಿ ಬರುತ್ತಿದ್ದ ಪೆಟ್ಟಿಗೆಯ ಹಲಗೆಯ ಮೇಲೆ. ಚಿಮಣಿಗಳು ಸಿಕ್ಕವು, ಗೇಟು ಸಿಕ್ಕಿತು, ಹೊಗೆಯೂ ಬೇಕಾದಷ್ಟಿತ್ತು. ಹಳದಿ ಹೊಲ ಮಾತ್ರ ಇರಲಿಲ್ಲ. ಪರೇಲಿನಲ್ಲಿ ಗೇಟಿನ ಮುಂದೆ ಇದ್ದದ್ದು ಟ್ರಾಮಿನ ಹಳಿ, ಕೆಸರು, ಕೂಲಿಕಾರರು ಒಂದೊಂದು ಖೋಲಿಯಲ್ಲಿ ಸಂಸಾರ ಹೂಡಿದ್ದ ಒಂದು ಚಾಳು. ಆದರೂ ಹಳದಿ ಗೆರೆಗಳನ್ನು ಬರೆದೆ, ಯಾಕೆಂದರೆ ಆ ಪುಟದಲ್ಲಿ ಇದ್ದವು.

ಮಳೆಗಾಲ. ಕೆಳಗಿನಿಂದ ಇಡ್ಲಿಯ ಹಬೆ ಏರುತ್ತಿದ್ದ ಅಟ್ಟದಲ್ಲಿ ಎಣ್ಣೆಬಣ್ಣ ಒಣಗುವ ಮಾತೇ ಇರಲಿಲ್ಲ. ಹೋಟೆಲಿನ ಗೋಡೆಯಲ್ಲಿ ದೇವರ ಪಟಗಳ ಸಾಲಿತ್ತು. ಅವುಗಳಲ್ಲಿ ಒಂದರ ಗಾಜು ಒಡೆದು, ಹೊಸ ಗಾಜು ಹಾಕಿಸಲು ಹೋಗಿತ್ತು, ಮೊಳೆ ಖಾಲಿ. ಸರಿಯಾಗಿ ಎದುರಿಗೆ ಫ್ಯಾನು. ರಾತ್ರಿ ಬಾಗಿಲು ಹಾಕಿದ ಮೇಲೆ ಹಲಗೆಯನ್ನು ಅಲ್ಲಿ ತೂಗುಹಾಕಿ ಮಲಗಿದೆ.

ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಮಿಲ್ಲಿಗೆ ಹಾರ ಬಿದ್ದಿತ್ತು. ಎತ್ತರದ ಚಿಮಣಿಯ ಹಣೆಗೆ ಕುಂಕುಮ.

ಆದದ್ದು ಇಷ್ಟೇ. ಹೂವಿನವಳು ಗೋಡೆಯ ಮೊಳೆಗೊಂದರಂತೆ ಹಾರ ಕೊಟ್ಟುಹೋಗುವುದು ಮೊದಲಿನಿಂದ ನಡೆದುಬಂದ ಏರ್ಪಾಡು. ಅಡುಗೆ ಭಟ್ಟರು ಒಲೆ ಹಚ್ಚುವ ಮುಂಚೆ ಪಟಗಳ ಪೂಜೆ ಮುಗಿಸುತ್ತಿದ್ದರು. ಸ್ತೋತ್ರ ಹೇಳುವಾಗ ಅವರ ಕಣ್ಣು ಮುಚ್ಚಿರುತ್ತಿತ್ತು. ಮೊಳೆಗಳ ಸಾಲು ಕೈಗೇ ಪಾಠವಾಗಿತ್ತು. ನಾನು ಹೋಗಿ ಕೇಳಿದಾಗ ಅವರು ಚಟ್ನಿಗೆ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಧಣಿಗಳು ಹೇಳಿದ್ದು ಗೋಡೆಯಲ್ಲಿ ಇದ್ದದ್ದಕ್ಕೆಲ್ಲ ಪೂಜೆ ಆಗ್ಬೇಕು ಅಂತ. ಇಂಥದ್ದೇ ಪಟ ಅಂತ ಹೇಳ್ಲಿಲ್ಲ."

"ಅದು ಕಾರ್ಖಾನೆ ಭಟ್ರೇ."

"ಇರ್ಬಹುದು. ಒಮ್ಮೆ ಹಾರ ಬಿದ್ದಾಯ್ತಲ್ಲ. ನಾಳೆ ನಿನಗಿಲ್ಲ ಅಂತ ಅದಕ್ಕೆ ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ. ಬೇಕಾದ್ರೆ ನೀವೇ ಹೇಳಿ."

ನಾನು ಹಾರ ತೆಗೆಯುವ ಮೊದಲೇ ಟೈಮ್‌ಕೀಪರ್ ಒಳಗೆ ಬಂದರು. ಮಿಲ್ಲಿನ ಗೇಟಿನಲ್ಲಿ ಹಾಜರಿ ಹಾಕುತ್ತಿದ್ದ ಧಾರವಾಡದವರು. ದಿನದ ಮೊದಲ ಚಹಾ ಅವರದು. ಚಿತ್ರ ನೋಡಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಯಾವಾಗ ತೀರಿಕೊಂಡ್ತರಿ?" ಎಂದು ಮಾವನನ್ನು ಕೇಳಿದರು. "ನಿನ್ನೆ ಸಂಜೀತನಕ ಆರಾಮ ಇತ್ತಲ್ಲ."

ನಮ್ಮ ಹೋಟೆಲುಗಳ ಗೋಡೆಯಲ್ಲಿ ಹಾರ ಹಾಕಿದ ಪಟ ದೇವರದ್ದಲ್ಲವಾದರೆ ಸತ್ತವರದ್ದು, ಮೂರನೆಯ ಜಾತಿಯಿಲ್ಲ. ಟೈಮ್‌ಕೀಪರ್ ತಮಾಷೆಗೆ ಹೇಳಿದ್ದು ನಿಜ. ಆದರೆ ಒಬ್ಬನಿಗೇ ಹೆಚ್ಚು ಮಗ್ಗ ಕೊಟ್ಟು ಉಳಿದವರನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಎಲ್ಲ ಮಿಲ್ಲುಗಳಲ್ಲೂ ಹರಿದಾಡುತ್ತಿದ್ದ ಕಾಲ ಅದು. ಪಾಳಿ ಬದಲಾಗುವಷ್ಟರಲ್ಲಿ ತಮಾಷೆಯ ಭಾಗ ಎಲ್ಲೋ ಉದುರಿಹೋಗಿತ್ತು. ಪಾಳಿ ಬಿಡುವ ಭೋಂಗಾ ಕೂಗಿದ ಸ್ವಲ್ಪ ಹೊತ್ತಿಗೆ ಕೂಲಿಕಾರರು ಬಂದರು. ಕೂಲಿಕಾರರು ಎಂದರೆ ಎಲ್ಲರೂ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸಾಲಾಗಿ ಬಂದು, ಚಿತ್ರ ನೋಡಿ, ಕೈಕಟ್ಟಿ ನಿಂತರು.

"ಯಾರೂ ಸತ್ತಿಲ್ಲ ಮಾರಾಯ್ರೇ, ಕೂತ್ಕೊಳ್ಳಿ, ಚಾ ಕುಡೀರಿ" ಎಂದು ಮಾವ ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದರು. ಸಾವಿನ ಮನೆಯಲ್ಲಿ ಹಿರಿಯರು ಹಾಗೇ ಹೇಳುತ್ತಾರೆ ಎಂದು ಕೂಲಿಕಾರರು ಇನ್ನಷ್ಟು ಗಂಭೀರರಾದರು.

ಟೈಮ್‌ಕೀಪರ್ ಮಿಲ್ಲಿನ ಆಫೀಸಿಗೆ ಹೋಗಿ, ಮಿಲ್ ಮುಚ್ಚುವುದಿದೆಯೇ ಎಂದು ಕೇಳಿ ಬರಬೇಕಾಯಿತು. ಇಲ್ಲ ಎಂದರಂತೆ. ಮುಚ್ಚುವುದಿದ್ದರೂ ಇಲ್ಲ ಎಂದೇ ಹೇಳುತ್ತಾರೆ ಎಂದು ಕೂಲಿಕಾರರು ಕದಲಲಿಲ್ಲ.

ಆಗ, ಅಥವಾ ಮರುದಿನ (ನನ್ನ ನೆನಪು ಎಲ್ಲವನ್ನೂ ಒಂದೇ ದಿನಕ್ಕೆ ತುರುಕಲು ನೋಡುತ್ತದೆ), ಮಗ್ಗದ ಖಾತೆಯ ಒಬ್ಬ ನೇಕಾರ ಚಿತ್ರದ ಹತ್ತಿರ ಮುಖ ಒಯ್ದ. ಬೆಳಗಾವಿ ಕಡೆಯವನು, ನಡುವಯಸ್ಸಿನವನು. ಕೆಳಗಿನ ಎಡಮೂಲೆಯನ್ನು ಬಹಳ ಹೊತ್ತು ನೋಡಿ ಹೇಳಿದ:

"ಇದು ನಾ ಅದೀನಿ."

"ಯಾವುದು?"

"ಈ ಹಳದಿ ಗೆರಿ. ಎಡಕ ವಾಲಿ ನಿಂತೈತಿ ನೋಡ್ರಿ. ನನ್ನ ಎಡಗಾಲು ಗಿಡ್ಡ ಐತಿ. ಪಾಳಿ ಬಿಟ್ಟಾಗ ಗೇಟಿನ ಬಾಜೂಕ ನಾ ಹಿಂಗ ನಿಲ್ಲೂದು."

ಹೊಲ ಅಲ್ಲಿಗೆ ಮುಗಿಯಿತು. ಸಂಜೆಯ ಬಿಸಿಲಿನಲ್ಲಿ ಗೇಟಿನಿಂದ ಹೊರಬೀಳುವ ಜನ ಎಂದು ಎಲ್ಲರಿಗೂ ಒಂದೇ ಸಲಕ್ಕೆ ಕಂಡಿತು. ಒಬ್ಬೊಬ್ಬರೂ ತಮ್ಮ ತಮ್ಮ ಗೆರೆ ಹುಡುಕಿಕೊಂಡರು. ದಪ್ಪಗಿನದಕ್ಕೆ ಇಬ್ಬರು ಜಗಳವಾಡಿದರು. ಜಾಬರ್, ಅಂದರೆ ನೇಕಾರರ ಮೇಲಿನ ಮೇಸ್ತ್ರಿ, ಗೇಟಿಗೆ ಒತ್ತಿಕೊಂಡಿದ್ದ ಒಂದು ಗೆರೆಯನ್ನು ಯಾರನ್ನೂ ಕೇಳದೆ ಹಿಡಿದುಕೊಂಡ. ತನ್ನ ಭಾವನನ್ನು ಕಾಣದೆ ಗಾಬರಿಯಾದವನಿಗೆ ನಾನೇ ಒಂದು ಗೆರೆ ತೋರಿಸಿ ಸಮಾಧಾನ ಮಾಡಿದೆ. ಟೈಮ್‌ಕೀಪರ್ ಚಿತ್ರದ ಮಿಲ್ಲಿನ ಬಾಗಿಲ ಹತ್ತಿರದ ಒಂದು ಬಿಳಿ ಚುಕ್ಕೆಯನ್ನು ಆರಿಸಿಕೊಂಡು, "ನಂದು ಟೋಪಿ ಕಾಣಸ್ತದ" ಎಂದರು.

ಇಷ್ಟು ಜನ ಗೇಟಿನ ಮುಂದೆ ನಿಂತಿರುವಾಗ ಮಿಲ್ ಹೇಗೆ ಮುಚ್ಚುತ್ತದೆ ಎಂಬಲ್ಲಿಗೆ ಮಾತು ಬಂತು. ಅಲ್ಲಿಂದ ಇನ್ನೊಂದೇ ಹೆಜ್ಜೆ, ಅದನ್ನೂ ಇಟ್ಟರು. ಚಿತ್ರದಿಂದ ಯಾರ ಗೆರೆ ಹೋಗುತ್ತದೋ ಅವನ ಕೆಲಸ ಹೋಗುತ್ತದೆ. ಇದನ್ನು ಯಾರೂ ನಂಬುತ್ತೇನೆ ಎಂದು ಹೇಳಲಿಲ್ಲ. ಎಲ್ಲರೂ ನಗುತ್ತಲೇ ಹೇಳಿದರು, ಮತ್ತು ಪಾಳಿಗೆ ಹೋಗುವ ಮೊದಲು ಒಳಗೆ ಬಂದು ತಮ್ಮ ಗೆರೆ ಇದೆಯೇ ಎಂದು ನೋಡಿಕೊಂಡು ಹೋದರು. ಮಾವ ಇನ್ನಷ್ಟು ಬೆಂಚು ಹಾಕಿಸಿದರು. ಗಾಜು ಹಾಕಿಸಿಕೊಂಡು ಬಂದ ದೇವರಿಗೆ ಹೊಸ ಮೊಳೆ ಹೊಡೆಸಿದರು.

ನನ್ನ ಕಷ್ಟ ಬೇರೆ. ಚಿತ್ರ ಒಯ್ಯುವ ದಿನ ಹತ್ತಿರ ಬರುತ್ತಿತ್ತು, ಮತ್ತು ಆ ಚಿತ್ರದಲ್ಲಿ ಕೆಟ್ಟಿದ್ದದ್ದು ಒಂದೇ ಜಾಗ: ಕೆಳಗಿನ ಎಡಮೂಲೆ. ಉಳಿದ ಗೆರೆಗಳೆಲ್ಲ ಕಣ್ಣನ್ನು ಚಿಮಣಿಗಳ ಕಡೆ ಏರಿಸುತ್ತಿದ್ದರೆ, ಆ ಒಂದು ಗೆರೆ ವಾಲಿಕೊಂಡು ಕಣ್ಣನ್ನು ಹಲಗೆಯಿಂದ ಆಚೆ, ಗೋಡೆಗೆ, ತಟ್ಟೆ ತೊಳೆಯುವ ಜಾಗಕ್ಕೆ ಕರೆದೊಯ್ಯುತ್ತಿತ್ತು. ಅದನ್ನು ಕೆರೆದು ತೆಗೆಯಲೇಬೇಕು. ಒಂದು ಸಂಜೆ ಬಣ್ಣ ಕೆರೆಯುವ ಚೂರಿ ಹಿಡಿದು ಅಟ್ಟದಿಂದ ಇಳಿದೆ. ಬೆಂಚುಗಳಲ್ಲಿ ಮಾತು ನಿಂತಿತು. ನೇಕಾರ ಬೈಟೂ ಚಹಾದ ತನ್ನ ಪಾಲನ್ನು ಮೇಜಿನ ಮೇಲಿಟ್ಟು ಎದ್ದು ಬಂದ.

"ನನ್ನ ಮ್ಯಾಲ ಏನರ ಸಿಟ್ಟು ಐತೇನ್ರಿ?"

"ಇಲ್ಲಪ್ಪ. ಮೂಲೆ ಸರಿಯಾಗಿಲ್ಲ."

"ನಾ ಸರಿ ಇಲ್ಲಂತ ಇಲ್ಲಿತನಕ ಜಾಬರ್ ಒಬ್ಬನಽ ಅಂತಿದ್ದ."

ಚೂರಿ ಜೇಬಿಗೆ ಹೋಯಿತು.

ಒಯ್ಯುವ ದಿನ ಚಿತ್ರವನ್ನು ಗೋಡೆಯಿಂದ ಇಳಿಸಲು ಒಪ್ಪಿಗೆ ಸಿಕ್ಕಿತು. ಊರ ದೇವರು ಪೇಟೆ ಸುತ್ತಿ ಬರುವುದಿಲ್ಲವೇ, ಹಾಗೆ ಹೋಗಿ ಬರಲಿ ಎಂದರು ಭಟ್ಟರು. ಆದರೆ ಒಂಟಿಯಾಗಿ ಕಳಿಸುವಂತಿಲ್ಲ. ಟೈಮ್‌ಕೀಪರ್ ರಜೆ ಹಾಕಿದರು, ಇಂಗ್ಲಿಷ್ ಬರುತ್ತದೆ ಎಂದು. ನೇಕಾರ ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದ, ನನ್ನ ಮೇಲೆ ನಂಬಿಕೆಯಿಲ್ಲವೆಂದು. ಲೋಕಲ್ ರೈಲಿನಲ್ಲಿ ಚಿತ್ರಕ್ಕೆ ಕಿಟಕಿಯ ಸೀಟು ಸಿಕ್ಕಿತು, ಹಾರ ನೋಡಿ ಯಾರೋ ಎದ್ದು ಜಾಗ ಬಿಟ್ಟರು, "ಯಾರು, ತಂದೆಯವರಾ?" ಎಂದು ಮರಾಠಿಯಲ್ಲಿ ಕೇಳಿದರು. ಟೈಮ್‌ಕೀಪರ್ ಹೌದೆಂದು ತಲೆಯಾಡಿಸಿದರು.

ಪ್ರದರ್ಶನದ ಆಫೀಸಿನ ವರಾಂಡದಲ್ಲಿ ಚಿತ್ರಕಾರರ ಸಾಲು. ನಮ್ಮ ಸರದಿ ಬರುವ ಮುಂಚೆ ಹಾರ ತೆಗೆದೆ, ನೇಕಾರ ಗೋಡೆಗೊರಗಿ ತೂಕಡಿಸುತ್ತಿರುವುದನ್ನು ನೋಡಿ ಚೂರಿಯನ್ನೂ ತೆಗೆದೆ. ಅದು ಮೂಲೆಗೆ ತಾಗುವ ಮೊದಲೇ ಅಲ್ಲೊಂದು ಹೆಬ್ಬೆರಳು ಬಂದು ಕೂತಿತು. ನೇಕಾರ ಕಣ್ಣನ್ನು ಪೂರ್ತಿ ತೆರೆಯಲಿಲ್ಲ. ಬೆರಳು ಮಾತ್ರ ಅಲ್ಲೇ ಇತ್ತು. ಅಷ್ಟರಲ್ಲಿ ನಮ್ಮನ್ನು ಕರೆದರು. ಆಯ್ಕೆ ಮಾಡುವವರ ಮೇಜಿನ ಮುಂದೆ ಚಿತ್ರ ಹೋದದ್ದು ಬೆರಳಿನ ಸಮೇತ.

ಮೇಜಿನ ಹಿಂದೆ ಲಿನನ್ ಕೋಟಿನ ಹಿರಿಯರೊಬ್ಬರು. ಕೈ ತೆಗೆಯಲು ಹೇಳಿ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು.

"ಮೊದಲ ಇವರು ಚೂರಿ ಒಳಗ ಇಡ್ಲಿ" ಎಂದ ನೇಕಾರ. ಟೈಮ್‌ಕೀಪರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಹಿರಿಯರು ನನ್ನ ಕೈಯಲ್ಲಿದ್ದ ಚೂರಿಯನ್ನು ಆಗಲೇ ನೋಡಿದ್ದು. ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಯಿತು. ನಾನು ಒಳಗಿಟ್ಟೆ. ಬೆರಳು ಎದ್ದಿತು.

ಅವರು ಚೆನ್ನಾಗಿ ನೋಡಿದರು, ಹತ್ತಿರದಿಂದ, ದೂರದಿಂದ. ಯಾರ ಹಿಂದೆ ಹೋಗಿದ್ದೀಯ ಎಂದು ಗೊತ್ತಾಗುತ್ತದೆ ಎಂದರು. ಆದರೂ ಕೈಯಿದೆ ಎಂದರು. ಕೆಳಗಿನ ಎಡಮೂಲೆಗೆ ಬಲವಿಲ್ಲ ಎಂದರು.

"ಸಾಹೇಬ್ರು ಏನಂದ್ರು?" ಎಂದ ನೇಕಾರ.

"ನಿನ್ನಾಗ ಬಲ ಇಲ್ಲಂತ" ಎಂದರು ಟೈಮ್‌ಕೀಪರ್.

"ರಾತ್ರಿಯೆಲ್ಲಾ ಮಗ್ಗ ನಡಸಿ ಬಂದೀನಿ. ನಿದ್ದಿ ಮಾಡಿ ಬಂದ ದಿವಸ ನೋಡಂತ ಹೇಳ್ರಿ."

ಇದನ್ನು ಟೈಮ್‌ಕೀಪರ್ ತಿರುಗಿಸಲಿಲ್ಲ. ಹಿರಿಯರು ನನಗೊಬ್ಬನಿಗೇ ಹೇಳಿದರು: ಆ ಮೂಲೆ ಸರಿಮಾಡಿ ಆಫೀಸು ಮುಚ್ಚುವುದರೊಳಗೆ ತಾ, ಚಿತ್ರ ಗೋಡೆಗೆ ಹೋಗುತ್ತದೆ.

ಗೋಡೆಗೆ ಹೋಗುತ್ತದೆ ಎಂದು ಒಬ್ಬ ಮನುಷ್ಯ ನನಗೆ ಹೇಳಿದ್ದು ಅದೇ ಮೊದಲು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ನೇಕಾರನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದಾಗದಿದ್ದರೆ ನಾನು ಸಾಂತಾಕ್ರೂಜ್ ಗಲ್ಲಾದಲ್ಲಿ ಕೂರಬೇಕು, ಬ್ರಷ್ಷು ಬಿಡಬೇಕು. ನಿನ್ನನ್ನು ಅಳಿಸುವುದಿಲ್ಲ, ಬೇರೆ ಕಡೆ ಸರಿಸುತ್ತೇನೆ.

ಅವನು ಯೋಚಿಸಿದ. "ಎಲ್ಲಿಗೆ?"

"ಗೇಟಿನ ಹತ್ತಿರ?"

"ಅಲ್ಲಿ ಜಾಬರ್ ನಿಂತಾನ. ಮಿಲ್ಲಿನಾಗೂ ಅವನಽ, ಚಿತ್ರದಾಗೂ ಅವನಽ?"

"ಚಿಮಣಿಯ ಕೆಳಗೆ?"

"ಮಸಿ ಬೀಳತೈತಿ."

"ಟೈಮ್‌ಕೀಪರ್ ಪಕ್ಕದಲ್ಲಿ?"

"ನನ್ನ ಬಾಜೂಕ ಬ್ಯಾಡರಿ" ಎಂದರು ಟೈಮ್‌ಕೀಪರ್. "ದಿನಾ ತಡಾ ಮಾಡಿ ಬರಾಂವ ಇವ. ನನ್ನ ಹತ್ರ ನಿಂತ್ರ ಮಂದಿ ಏನ್ ತಿಳೀತಾರ?"

ಚಾಳಿನಲ್ಲಿ ಖೋಲಿ ಹುಡುಕಿದ ಹಾಗೆ ಇಡೀ ಚಿತ್ರ ಸುತ್ತಿದೆವು. ಒಂದು ಕಡೆ ಕತ್ತಲೆ, ಒಂದು ಕಡೆ ಅವನು ಮಾತು ಬಿಟ್ಟಿದ್ದ ಷಡ್ಡಕ. ಕೊನೆಗೆ ಸರಿಯಾಗಿ ನಡುಮಧ್ಯೆ ಒಂದಿಷ್ಟು ಬರಿಯ ಜಾಗ ಒಪ್ಪಿಗೆಯಾಯಿತು. ಚೀಲದಿಂದ ಬಣ್ಣ, ಬ್ರಷ್ಷು ತೆಗೆದು, ಎಡಮೂಲೆ ಕೆರೆದು, ತುಂಬಿಸಿ, ನಡುವೆ ಒಂದು ಹಳದಿ ಗೆರೆ ನೆಟ್ಟಗೆ ಎಳೆದೆ.

"ಇದು ನಾ ಅಲ್ಲ" ಎಂದ. "ಹಿಂಗ ಸೆಟದು ನಿಲ್ಲಾಕ ನನಗ ಬರೂದಿಲ್ಲ."

ನೆಟ್ಟಗಿನದನ್ನು ಒರೆಸಿ, ಎಡಕ್ಕೆ ವಾಲಿಸಿ ಎಳೆದೆ. ಅವನು ತಲೆಯಾಡಿಸಿದ.

ಹಿರಿಯರು ಹೊರಡುವ ಅವಸರದಲ್ಲಿದ್ದರು. ಮೂಲೆ ನೋಡಿ, ಈಗ ಸರಿಯಾಯಿತು ಎಂದರು. ಆಮೇಲೆ ಅವರ ಕಣ್ಣು ನಡುವಿಗೆ ಬಂತು. ಇದೇನು, ನಡುವನ್ನು ಕೆಡಿಸಿಕೊಂಡೆಯಲ್ಲ, ಇದೊಂದು ಗೆರೆಯಿಂದ ಇಡೀ ಮಿಲ್ಲು ಕುಂಟುತ್ತಿದೆ ಎಂದರು. ಬಣ್ಣ ಹಸಿಯಿದೆ, ಒರೆಸಿಬಿಡು, ಇಟ್ಟು ಹೋಗು ಎಂದು ಹೇಳಿ ಮೇಜಿನ ಮೇಲಿದ್ದ ಬಟ್ಟೆಯನ್ನು ತಾವೇ ನನ್ನ ಕಡೆ ಸರಿಸಿದರು.

ಟೈಮ್‌ಕೀಪರ್ ಈ ಸಲ ಸರಿಯಾಗಿಯೇ ತಿರುಗಿಸಿ ಹೇಳಿದರು. ನೇಕಾರ ಬೆರಳು ಇಡಲಿಲ್ಲ. ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡ.

"ನೀವು ನೋಡ್ರಿ" ಎಂದ. "ನಿಮ್ಮದೂ ನೌಕರಿ ಪ್ರಶ್ನಿ ಐತಿ."

ನಾನು ಒರೆಸಲಿಲ್ಲ. ಇದನ್ನು ಹೇಳುವಾಗ ಕೇಳುವವರು ನನ್ನನ್ನು ಒಳ್ಳೆಯವನೆಂದು ತಿಳಿಯುತ್ತಾರೆ, ನಾನೂ ಕೆಲವು ಸಲ ತಿಳಿಯಗೊಟ್ಟಿದ್ದೇನೆ. ಆದರೆ ಬಟ್ಟೆ ಕೈಯಲ್ಲಿ ಹಿಡಿದು ನಿಂತಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವನಲ್ಲ, ಫುಟ್‌ಪಾತಿನ ಆ ಬಿಡಿಪುಟ. ಚಿಮಣಿಗಳ ಸಾಲು ಅದರಿಂದ ಬಂದಿತ್ತು, ಓಡುವ ಹೊಗೆ ಅದರಿಂದ, ಹಳದಿ ಅದರಿಂದ. ನಡುವೆ ಕುಂಟುತ್ತಿದ್ದ ಈ ಗೆರೆಯೊಂದು ಮಾತ್ರ ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಒರೆಸಿದರೆ ಗೋಡೆಗೆ ಹೋಗುವುದು ಯಾರ ಚಿತ್ರ ಎಂದು ಅನಿಸಿತು. ಅನಿಸಿತೋ, ಅಥವಾ ಸಾಂತಾಕ್ರೂಜ್‌ನಲ್ಲಿ ಕೂತು ಆಮೇಲೆ ಹೊಂದಿಸಿಕೊಂಡೆನೋ ಗೊತ್ತಿಲ್ಲ. ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟು ಚಿತ್ರ ಎತ್ತಿಕೊಂಡೆ. ಹಿರಿಯರು ಟೋಪಿ ಹಾಕಿಕೊಂಡು ಹೊರಟುಹೋದರು.

ಮಾವ ಬೈಯಲಿಲ್ಲ. ಚಿತ್ರವನ್ನು ತಾವೇ ಗೋಡೆಗೆ ಹಾಕಿ, ದೂರ ನಿಂತು ನೋಡಿ, "ಇವನನ್ನು ನಡುವಿಗೆ ತಂದದ್ದು ಯಾರು ಮಾರಾಯ? ಇನ್ನು ಎಲ್ರಿಗೂ ಬೇಕಾಗ್ತದೆ ನೋಡು" ಎಂದರು.

ಹಾಗೇ ಆಯಿತು. ಸಾಂತಾಕ್ರೂಜ್ ಹೋಟೆಲಿಗೆ ವಾರದ ರಜೆ ಸೋಮವಾರ. ಆ ದಿನ ನಾನು ಪರೇಲಿಗೆ ಹೋಗುತ್ತಿದ್ದೆ. ಬ್ರಷ್ಷು ತರುವಂತೆ ಮಾವನೇ ಹೇಳಿ ಕಳಿಸುತ್ತಿದ್ದರು, ಕೊಟ್ಟ ಮಾತಿನ ಪ್ರಸ್ತಾಪ ಇಬ್ಬರೂ ಮಾಡಲಿಲ್ಲ. ಮದುವೆಯಾದವನ ಪಕ್ಕದಲ್ಲಿ ಒಂದು ಗೆರೆ ಸೇರಿಸಬೇಕು. ಪಾಳಿ ಬದಲಾದವನನ್ನು ನೆರಳಿನ ಕಡೆ ಹಾಕಬೇಕು. ರಾಜಿಯಾದ ಷಡ್ಡಕರನ್ನು ಹತ್ತಿರ ತರಬೇಕು, ಮತ್ತೆ ದೂರ ಮಾಡಬೇಕು. ಜಾಬರ್‌ನನ್ನು ಒಂದು ಕೂದಲಿನಷ್ಟು ತೆಳ್ಳಗೆ ಮಾಡಲು ಎಲ್ಲರೂ ಗುಟ್ಟಾಗಿ ಕೇಳಿಕೊಂಡರು. ಅದನ್ನು ಮನಸ್ಸಿಟ್ಟು ಮಾಡಿದೆ. ಬಣ್ಣದ ಮೇಲೆ ಬಣ್ಣ ಬಿದ್ದು ಹಲಗೆ ಎಷ್ಟು ಭಾರವಾಯಿತೆಂದರೆ ಅದನ್ನು ಇಳಿಸಲು ಇಬ್ಬರು ಬೇಕಾಗುತ್ತಿದ್ದರು. ಬೇರೆ ಚಿತ್ರ ನಾನು ಬರೆಯಲಿಲ್ಲ. ಬೇರೆ ಚಿತ್ರಕ್ಕೆ ಸೋಮವಾರ ಸಾಲುತ್ತಿರಲಿಲ್ಲ.

ಟೈಮ್‌ಕೀಪರ್ ಆಮೇಲೆ ಮಿಲ್ಲು ಬಿಟ್ಟು ಅಂಧೇರಿಯ ಒಂದು ಹೊಸ ಕಾರ್ಖಾನೆಗೆ ಸೇರಿದರು. ಒಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಸಾಂತಾಕ್ರೂಜ್‌ನಲ್ಲಿ ಇಳಿದು, ಗಲ್ಲಾದ ಮುಂದೆ ನಿಂತು, ಚಹಾ ಹೇಳುವುದನ್ನೂ ಮರೆತು ಕೇಳಿದರು:

"ನನ್ನ ಜಾಗಾಕ್ಕ ಹೊಸ ಮನಿಷಾ ಬಂದಾನಂತ. ಚಿತ್ರದಾಗ ತನ್ನ ಟೋಪಿ ಬರೀರಿ ಅಂತ ಹೇಳ್ಯಾನೇನ್ರಿ?"

"ಹೇಳಿದ್ದಾನೆ."

"ಬರೀರಿ, ಬರೀರಿ. ಖರೆ ನನ್ನ ಬಾಜೂಕ ಬರೀರಿ. ನನ್ನ ಅಳಸಬ್ಯಾಡ್ರಿ. ರಜಾ ಮ್ಯಾಲ ಅದೀನಂತ ತಿಳೀರಿ."